ನನ್ನ ಎದೆಯೊಳಗಿನ ಅದಿರು

ನಮ್ಮ ಅಜ್ಜ ಎರ್ರಿಯಪ್ಪನವರು ಎತ್ತಿನ ಪಕ್ಕೆಗೆ ಕಿವಿ ಹಚ್ಚಿದರೆ ಸಾಕು, ಅದು ಹಿಂದಿನ ವಾರ ಯಾರ ಹೊಲದಲ್ಲಿ ಕದ್ದು ಮೇಯ್ದಿದೆ ಎಂದು ಹೇಳುತ್ತಿದ್ದರಂತೆ. ಸಂಡೂರು ಸೀಮೆಯಲ್ಲಿ ಯಾವ ಸಾಹುಕಾರ ಎತ್ತು ಕೊಳ್ಳಬೇಕಾದರೂ ಮೊದಲು ಅಜ್ಜನ ಕಿವಿ ಹೋಗಬೇಕು, ಆಮೇಲೆ ಸಾಹುಕಾರ. ನಮ್ಮ ಮನೆತನದಲ್ಲಿ ಈ ಸಂಗತಿಯನ್ನು ಅನುಮಾನಿಸಿದವರು ಯಾರೂ ಇಲ್ಲ. (ನನ್ನ ಹೆಂಡತಿ ಹಂಪಮ್ಮನನ್ನು ಬಿಟ್ಟರೆ. ಅವಳು ಹೊರಗಿನವಳು, ಮದುವೆಯಾಗಿ ಬಂದು ಇನ್ನೂ ನಲವತ್ತೊಂದೇ ವರ್ಷ.)

ನಮ್ಮಪ್ಪ ವಿರುಪಾಕ್ಷಪ್ಪ ಆ ಕಿವಿಯನ್ನು ಎತ್ತಿನಿಂದ ಯಂತ್ರಕ್ಕೆ ತಂದವರು. ಹೊಸಪೇಟೆ ಹತ್ತಿರ ಡ್ಯಾಮು ಕಟ್ಟುವ ಕಾಲದಲ್ಲಿ ಒಬ್ಬ ಗುತ್ತಿಗೆದಾರನ ಬಾಯ್ಲರಿಗೆ ಸೌದೆ ತುಂಬುತ್ತಿದ್ದರು. ಒಂದು ದಿನ ಮುಂಜಾನೆ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಬಾಯ್ಲರಿನ ಹೊಟ್ಟೆಗಿಟ್ಟು, ಇನ್ನೊಂದನ್ನು ಕಿವಿಗಿಟ್ಟು, "ಇದು ಮಧ್ಯಾಹ್ನದ ಊಟ ಕಾಣಂಗಿಲ್ಲ" ಅಂದರಂತೆ. ಗುತ್ತಿಗೆದಾರ ನಕ್ಕ. ಮಧ್ಯಾಹ್ನ ಬಾಯ್ಲರು ಊಟ ಕಾಣಲಿಲ್ಲ. ಗುತ್ತಿಗೆದಾರನೂ ಕಾಣಲಿಲ್ಲ, ಯಾಕೆಂದರೆ ಅವನ ಬುತ್ತಿಯ ಡಬ್ಬಿ ಎರಡು ಫರ್ಲಾಂಗು ಆಚೆಯ ಜಾಲಿಮರದ ತುದಿಯಲ್ಲಿತ್ತು.

ಇಂಥ ವಂಶದಲ್ಲಿ ಹುಟ್ಟಿದವನು ನಾನು, ಜಡೆಪ್ಪ ಮೇಸ್ತ್ರಿ. ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ನನಗೆ ಕಲಿಸುವಷ್ಟು ಕಲಿತ ಮೇಷ್ಟ್ರು ಸಿಗಲಿಲ್ಲ, ಹಾಗಾಗಿ ನಾನೇ ನನಗೆ ಮೇಷ್ಟ್ರಾದೆ. ಯಶವಂತನಗರದಲ್ಲಿ ಲಾರಿ ರಿಪೇರಿ ಶೆಡ್ಡು ಹಾಕಿ ಮೂವತ್ತು ವರ್ಷವಾಯಿತು. ನನ್ನ ಹತ್ತಿರ ಒಂದು ಸ್ಕ್ರೂಡ್ರೈವರ್ ಇದೆ, ಮೊಳದುದ್ದದ್ದು. ಅದರ ತುದಿಯನ್ನು ಎಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಗಿಟ್ಟರೆ ಒಳಗಿನ ಬೇರಿಂಗು, ವಾಲ್ವು, ಪಿಸ್ಟನ್ನು ಎಲ್ಲವೂ ಒಂದೊಂದಾಗಿ ಬಂದು ತಮ್ಮ ಕಷ್ಟ ಹೇಳಿಕೊಂಡು ಹೋಗುತ್ತವೆ.

ಕಬ್ಬಿಣದ ಅದಿರಿನ ಗಣಿಯ ಸುಗ್ಗಿ ಶುರುವಾಯಿತು ನೋಡಿ, ಲಾರಿಗಳಿಗೆ ಲೆಕ್ಕವೇ ಇಲ್ಲದಾಯಿತು. ಚೀನಾದವರು ನಮ್ಮ ಗುಡ್ಡ ಬೇಕೆಂದರು, ನಮ್ಮವರು ಹೊತ್ತುಕೊಂಡು ಹೊರಟರು. ಹೊರಟ ಗುಡ್ಡದಲ್ಲಿ ಅರ್ಧ ಲಾರಿಯಲ್ಲಿ ಹೋದರೆ ಅರ್ಧ ಗಾಳಿಯಲ್ಲಿ ಹಾರಿ ನಮ್ಮ ಮೇಲೆಯೇ ಕೂತಿತು. ಬೇವಿನ ಮರ ಕೆಂಪು, ಎಮ್ಮೆ ಕೆಂಪು, ಒಗೆದು ಹಾಕಿದ ಪಂಚೆ ಒಣಗುವ ಮೊದಲೇ ಕೆಂಪು. ನಮ್ಮೂರ ಕಾಗೆ ಬೇರೆ ಊರಿಗೆ ಹೋದರೆ ಅಲ್ಲಿನ ಕಾಗೆಗಳು ಸೇರಿಸುತ್ತಿರಲಿಲ್ಲ. ಮನುಷ್ಯರು ಉಗುಳಿದರೆ ಅದೂ ಕೆಂಪು, ಎಲೆಅಡಿಕೆ ಮುಟ್ಟದವರದ್ದೂ ಕೂಡ.

ಲಾರಿಗಳು ಕೆಮ್ಮಿದವು, ಹಿಂದೆಯೇ ಡ್ರೈವರುಗಳು ಕೆಮ್ಮಿದರು. ನನ್ನ ಸ್ಕ್ರೂಡ್ರೈವರ್ ಲಾರಿಯಿಂದ ಮನುಷ್ಯನಿಗೆ ದಾಟಿದ್ದು ಹಾಗೆ. ಮನುಷ್ಯನೂ ಒಂದು ಎಂಜಿನ್ನೇ ಅಲ್ಲವೆ? ಗಾಳಿ ಒಳಗೆ, ಹೊಗೆ ಹೊರಗೆ, ಮೇಲಿಂದ ಇಷ್ಟು ಮುದ್ದೆ. ಮೊದಲ ರೋಗಿ ಪಕ್ಕದ ಮನೆಯ ಡ್ರೈವರ್ ಓಬಳೇಶ. ಅವನ ಎದೆಯ ಮೇಲೆ ರಬ್ಬರ್ ವಾಷರ್ ಇಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಇಟ್ಟು ಆಲಿಸಿ, "ಏರ್ ಫಿಲ್ಟರ್ ಜಾಮ್ ಆಗೇತಿ, ಮೆಣಸು-ಬೆಲ್ಲದ ಕಷಾಯ ಕುಡಿ" ಅಂದೆ. ಹತ್ತೇ ದಿನಕ್ಕೆ ಗುಣವಾಯಿತು. (ಆ ಹತ್ತು ದಿನವೂ ಅವನ ಲಾರಿ ನನ್ನ ಶೆಡ್ಡಿನಲ್ಲೇ ಬಿಚ್ಚಿ ಬಿದ್ದಿತ್ತು, ಅವನು ಧೂಳಿಗೇ ಹೋಗಲಿಲ್ಲ ಎಂದು ಹಂಪಮ್ಮ ಹೇಳುತ್ತಾಳೆ. ಅದು ಅವಳ ಅಭಿಪ್ರಾಯ.)

ಹಂಪಮ್ಮನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಇಪ್ಪತ್ತೆರಡು ವರ್ಷ ಅಂಗನವಾಡಿ ಟೀಚರಾಗಿದ್ದವಳು. ಸಂಡೂರಿನಲ್ಲಿ ಎಂದೋ ಮೂರು ದಿನ ಟ್ರೇನಿಂಗ್ ಕೊಟ್ಟಿದ್ದರಂತೆ: ಕೆಮ್ಮುವ ಮಗುವಿನ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ನೋಡುತ್ತ, ಒಂದು ಪೂರ್ತಿ ನಿಮಿಷ ಉಸಿರು ಎಣಿಸಬೇಕು, ಎಣಿಕೆ ಹೆಚ್ಚಿದ್ದರೆ, ಇಲ್ಲವೆ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ಮಗುವನ್ನು ಸೀದಾ ಆಸ್ಪತ್ರೆಗೆ ಕಳಿಸಬೇಕು. ಅದಕ್ಕಾಗಿ ಅವಳು ಕೊಂಡ ಗಡಿಯಾರ ಇನ್ನೂ ಅವಳ ಎಡಗೈಯಲ್ಲಿದೆ. ಗಂಡಸರ ಗಡಿಯಾರ, ಹಪ್ಪಳದಷ್ಟು ಅಗಲ, ಸೆಕೆಂಡಿನ ಮುಳ್ಳು ಕೆಂಪು. "ಎಣಿಸೋದೂ ಒಂದು ವಿದ್ಯೆ ಏನು?" ಎಂದು ನಾನು ನಗುತ್ತಿದ್ದೆ. "ನಾಲ್ಕನೇ ಕ್ಲಾಸಿನ ತನಕ ಅದನ್ನ ಕಲಿಸ್ತಾರ, ನಿಮಗ ಮರ್ತಿರಬೇಕು" ಎನ್ನುತ್ತಿದ್ದಳು.

ಇಷ್ಟು ಪೀಠಿಕೆ. ಇನ್ನು ನನಗಾದ ಅನ್ಯಾಯ.

ಎರಡು ಸಾವಿರದ ಏಳರ ದೀಪಾವಳಿ ಕಳೆದು ಚಳಿ ಹತ್ತಿದ ಕಾಲ. ನನಗೂ ಕೆಮ್ಮು ಬಂತು. ಯಶವಂತನಗರದಲ್ಲಿ ಕೆಮ್ಮು ಬರುವುದು ಸುದ್ದಿಯಲ್ಲ, ಬಾರದಿರುವುದು ಸುದ್ದಿ. ನಾಲ್ಕು ದಿನಕ್ಕೆ ಬಲಗಡೆ ಪಕ್ಕೆಯಲ್ಲಿ ದಬ್ಬಣ ಚುಚ್ಚಿದಂತೆ ಆಯಿತು, ಉಸಿರು ಎಳೆದಾಗಲೆಲ್ಲ. ಜಾಕ್ ಎತ್ತಿದ್ದಕ್ಕೆ ಅಂದೆ. ರೊಟ್ಟಿ ರುಚಿಸಲಿಲ್ಲ. ಅದು ರೊಟ್ಟಿಯ ತಪ್ಪು ಅಂದೆ. ಕಫ ಬಿದ್ದದ್ದು ತುಕ್ಕಿನ ಬಣ್ಣ. ಅದಿರಿನ ಧೂಳು ಅಂದೆ.

"ದವಾಖಾನಿಗೆ ಹೋಗೋಣು ಬರ್ರಿ" ಎಂದಳು ಹಂಪಮ್ಮ.

"ಯಾಕ? ಜ್ವರ ಐತೇನು? ನೋಡು ಬೇಕಾದ್ರ."

ಅವಳು ಅಂಗನವಾಡಿಯ ಹಳೆಯ ಥರ್ಮಾಮೀಟರನ್ನು ನನ್ನ ಕಂಕುಳಲ್ಲಿಟ್ಟಳು. ಜ್ವರವಿಲ್ಲ. ಒಂದು ಗೀಟೂ ಹೆಚ್ಚಿಲ್ಲ. ನಾನು ಆ ಥರ್ಮಾಮೀಟರನ್ನು ಗೆದ್ದ ಕಪ್ಪಿನಂತೆ ಎತ್ತಿ ಹಿಡಿದು ಬೀದಿಗೆಲ್ಲ ತೋರಿಸಿದೆ.

ಆದರೂ ತಜ್ಞನಾದವನು ತಪಾಸಣೆ ಬಿಡಬಾರದಲ್ಲ. ಸ್ಕ್ರೂಡ್ರೈವರನ್ನು ನನ್ನ ಎದೆಗೇ ಇಟ್ಟುಕೊಂಡೆ. ಆಗ ಒಂದು ತಾಂತ್ರಿಕ ತೊಂದರೆ ಎದುರಾಯಿತು: ಸ್ಕ್ರೂಡ್ರೈವರ್ ನೆಟ್ಟಗಿದೆ, ನನ್ನ ಕಿವಿ ಪಕ್ಕದಲ್ಲಿದೆ. ಎಷ್ಟು ಕತ್ತು ತಿರುವಿದರೂ ಎರಡೂ ಕೂಡಲಿಲ್ಲ. ಕೊನೆಗೆ ಓಬಳೇಶನ ಕಿವಿಯನ್ನು ಬಾಡಿಗೆ ಪಡೆದೆ.

"ಏನು ಕೇಳ್ತೈತಲೇ?"

"ಮೇಸ್ತ್ರಿ, ಹುಣಸೆಹಣ್ಣು ಕಟ್ಟಿದ ಪ್ಲಾಸ್ಟಿಕ್ಕು ಬಿಚ್ಚಿದ್ರ ಪರಪರ ಅಂತೈತಲ್ಲ, ಹಂಗ. ಅದೂ ಬಲಗಡೆ ಕೆಳಗ ಮಾತ್ರ. ಎಡಗಡೆ ಸಾಫ್ ಐತಿ."

"ಅದು ವಾಲ್ವಿನ ಟ್ಯಾಪೆಟ್ ಸದ್ದು. ಗಾಡಿ ಓಡಿದಂಗ ಓಡಿದಂಗ ತಾನೇ ಕುಂದ್ರತೈತಿ" ಎಂದೆ.

"ಓಬಳೇಶ, ನಿನಗರ ಬುದ್ಧಿ ಐತಿ ಅನ್ಕೊಂಡಿದ್ನಪ್ಪ" ಎಂದು ಹಂಪಮ್ಮ ಒಳಗೆ ಹೋದಳು. ಪಾತ್ರೆಗಳ ಸದ್ದು ಬಂತು. ಅದನ್ನು ಆಲಿಸಲು ಸ್ಕ್ರೂಡ್ರೈವರ್ ಬೇಕಿರಲಿಲ್ಲ.

ಆವತ್ತು ಸಂಜೆ ನನಗೊಂದು ಪರಮ ವೈಜ್ಞಾನಿಕ ಉಪಾಯ ಹೊಳೆಯಿತು. ಧೂಳಿನಿಂದ ಬಂದ ಕೆಮ್ಮಾದರೆ, ಧೂಳಿಲ್ಲದ ಊರಿಗೆ ಹೋದರೆ ಹೋಗಬೇಕು. ಕಂಪ್ಲಿಯಲ್ಲಿ ನಮ್ಮಕ್ಕ ತಾಯಕ್ಕ ಇದ್ದಾಳೆ. ಸುತ್ತ ಭತ್ತದ ಗದ್ದೆ, ಕಬ್ಬು, ಪಕ್ಕದಲ್ಲಿ ತುಂಗಭದ್ರೆ. ಅಲ್ಲಿನ ಗಾಳಿಯನ್ನು ಸೋಸುವುದೇ ಬೇಡ, ಹಾಗೇ ಕುಡಿಯಬಹುದು.

"ಎಂಟು ದಿನ ಕಂಪ್ಲಿ ಗಾಳಿ. ಕೆಮ್ಮು ಹೋಗಲಿಲ್ಲಂದ್ರ ಆಮ್ಯಾಲ ನೀ ಹೇಳಿದ ಡಾಕ್ಟರು" ಎಂದೆ.

"ಎಂಟಲ್ಲ, ನಾಲ್ಕು" ಎಂದಳು ಹಂಪಮ್ಮ, ಗಡಿಯಾರ ನೋಡುತ್ತ. ಅದೇನು ದಿನಗಳನ್ನೂ ತೋರಿಸುತ್ತದೆಯೋ ಎಂಬಂತೆ.

ಕಂಪ್ಲಿಗೆ ಹೋದೆವು. ತಾಯಕ್ಕನ ಮಗ ನಾಗಭೂಷಣನದು ಸಣ್ಣದೊಂದು ಅಕ್ಕಿಗಿರಣಿ, ಅದರ ಹಿಂದೆಯೇ ಮನೆ. ಬಾಗಿಲಲ್ಲೇ ನಾನು ಕೆಮ್ಮಿದ್ದನ್ನು ಕೇಳಿ ತಾಯಕ್ಕನ ಕೈಲಿದ್ದ ನೀರಿನ ತಂಬಿಗೆ ನಿಂತಲ್ಲೇ ನಿಂತಿತು.

"ಜಡೆಪ್ಪ, ಇದು ಯಾವ ಕೆಮ್ಮು?"

"ಅದಿರಿನ ಕೆಮ್ಮಕ್ಕ. ನಮ್ಮ ಕಡೆ ಎಲ್ಲಾರಿಗೂ ಇರತೈತಿ."

ತಾಯಕ್ಕ ತಂಬಿಗೆ ಕೆಳಗಿಟ್ಟಳು. "ನಿಮ್ಮ ಭಾವ ಭತ್ತದ ಹೊಟ್ಟಿನ ಕೆಮ್ಮು ಅಂದಿದ್ರು. ಗಿರಣ್ಯಾಗ ದುಡಿಯೋರಿಗೆಲ್ಲ ಇರತೈತಿ ಅಂದಿದ್ರು" ಎಂದಳು. ಅಷ್ಟೇ. ಭಾವ ಹಂಪಯ್ಯನವರು ಎರಡು ವರ್ಷದ ಹಿಂದೆ ಮೂರು ವಾರ ಕೆಮ್ಮಿ, ನಾಲ್ಕನೇ ವಾರ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅವರ ಫೋಟೋ ಪಡಸಾಲೆಯಲ್ಲಿ ನನ್ನ ಎದುರಿಗೇ ಇತ್ತು. ನಾನು ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡು ಕೂತೆ. ಹಂಪಮ್ಮ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ನನಗೆ ವಾದಿಸುವುದು ಬಲು ಕಷ್ಟ.

ಮೊದಲ ದಿನ ಮಿಂದ ನೀರು ಕೆಂಪಗೆ ಹರಿಯಿತು. ಎರಡನೇ ದಿನ ತಿಳಿಯಾಯಿತು. ಮೂರನೇ ದಿನ ನನ್ನ ಪಂಚೆ ಬೆಳಿಗ್ಗೆ ಉಟ್ಟಾಗ ಇದ್ದಷ್ಟೇ ಬೆಳ್ಳಗೆ ಸಂಜೆಗೂ ಉಳಿದಿತ್ತು. ಮೂಗು ಒರೆಸಿದರೆ ಕರವಸ್ತ್ರ ಮಲ್ಲಿಗೆ. "ನೋಡಿದೇನು, ಅದಿರು ಬಿಟ್ಟು ಹೋತು!" ಎಂದು ಕೂಗಿ, ಆ ಸಂಭ್ರಮಕ್ಕೆ ಕೆಮ್ಮು ಬಂದು, ಹಂಪಮ್ಮ ಮುಂದೆ ಹಿಡಿದ ಬಿಳಿಯ ಪಿಂಗಾಣಿ ಬಟ್ಟಲಿಗೆ ಉಗುಳಿದೆ.

ತುಕ್ಕಿನ ಬಣ್ಣ. ಮೊದಲಿಗಿಂತ ದಟ್ಟ.

"ಪಂಚೆ ಬೆಳ್ಳಗೈತಿ, ಮೂಗು ಬೆಳ್ಳಗೈತಿ. ಈ ಅದಿರು ಯಾವ ಗುಡ್ಡದಿಂದ ಬಂತು ಹೇಳ್ರಿ" ಎಂದಳು.

"ಹಳೇ ಸ್ಟಾಕು" ಎಂದೆ. "ಮೂವತ್ತು ವರ್ಷದಿಂದ ಕುಂತಿದ್ದು. ಖಾಲಿ ಆಗಾಕ ಟೈಮ್ ಹಿಡೀತೈತಿ."

"ಅದು ರಕ್ತ ಕಲ್ತಿರೋ ಕಫ."

"ಕಬ್ಬಿಣ! ಬೇಕಂದ್ರ ಪರೀಕ್ಷಾ ಮಾಡೋಣು. ನಾಗಭೂಷಣ, ಅಯಸ್ಕಾಂತ ತಾರಪ್ಪ."

ಗಿರಣಿಯಲ್ಲಿ ಭತ್ತದೊಳಗಿನ ಮೊಳೆ ಹೆಕ್ಕಲು ಒಂದು ದೊಡ್ಡ ಅಯಸ್ಕಾಂತವಿತ್ತು. ನಾಗಭೂಷಣ ಅದನ್ನು ತಂದು ಬಟ್ಟಲಿನ ಮೇಲೆ ಹಿಡಿದ. ಅದು ತಾಯಕ್ಕನ ಸೂಜಿಯನ್ನು ಎಳೆಯಿತು, ನನ್ನ ಜೇಬಿನ ಸ್ಪ್ಯಾನರನ್ನು ಎಳೆಯಿತು, ಆಚೆ ಬಿದ್ದಿದ್ದ ಬೀಗದ ಕೈಯನ್ನೂ ಎಳೆಯಿತು. ಬಟ್ಟಲಿನಲ್ಲಿದ್ದದ್ದು ಮಾತ್ರ ಅಲುಗಲಿಲ್ಲ.

ಎಲ್ಲರೂ ನನ್ನನ್ನು ನೋಡಿದರು.

"ಸಂಡೂರಿನ ಅದಿರಿಗೆ ಸ್ವಾಭಿಮಾನ ಜಾಸ್ತಿ" ಎಂದೆ. "ಕರೆದ ಕೂಡ್ಲೇ ಬಂದು ಅಂಟಿಕೊಳ್ಳೋ ಜಾತಿ ಅಲ್ಲ ಅದು."

"ಮೇಸ್ತ್ರಿ ಮಾವ ಹೇಳೋದು ಖರೇನ, ಅತ್ತಿ. ಕೆಲವು ಅದಿರು ಅಯಸ್ಕಾಂತಕ್ಕ ಹತ್ತಂಗಿಲ್ಲ" ಎಂದ ನಾಗಭೂಷಣ. ಒಳ್ಳೆಯ ಹುಡುಗ. ಹಂಪಮ್ಮ ಅವನ ಕಡೆ ತಿರುಗಿ ನೋಡಿದಳು. ಅವನು ಗಿರಣಿಯಲ್ಲಿ ಕೆಲಸವಿದೆಯೆಂದು ನೆನಪು ಮಾಡಿಕೊಂಡು ಹೋದ.

ನಾಲ್ಕನೇ ದಿನ ಮುಂಜಾನೆ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದೆ. ಹಂಪಮ್ಮ ಪಕ್ಕದಲ್ಲಿ ಅಲಸಂದೆ ಸುಲಿಯುತ್ತಿದ್ದಳು. ಸುಲಿಯುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಸುಮಾರು ಹೊತ್ತಿನಿಂದ ಅವಳ ಕೈ ನಿಂತಿತ್ತು, ಕಣ್ಣು ಒಮ್ಮೆ ನನ್ನ ಹೊಟ್ಟೆಯ ಮೇಲೆ, ಒಮ್ಮೆ ಗಡಿಯಾರದ ಮೇಲೆ.

"ಮೂವತ್ತನಾಲ್ಕು" ಎಂದಳು.

"ಏನು, ಕಾಯಾ?"

"ನಿಮ್ಮ ಉಸಿರು. ನಿಮಿಷಕ್ಕ ಮೂವತ್ತನಾಲ್ಕು. ದೊಡ್ಡೋರಿಗೆ ಸುಮ್ನ ಕುಂತಾಗ ಇಪ್ಪತ್ತರೊಳಗ ಇರಬೇಕು."

"ಅದು ಕೂಸುಗಳ ಲೆಕ್ಕ. ನನ್ನ ಐಡ್ಲಿಂಗೇ ಹಂಗ, ಸ್ವಲ್ಪ ಏರಿಸಿಟ್ಟೀನಿ."

"ಮಾತು ಎರಡು ತುಂಡು ಆಗಿ ಬರಾಕತ್ತೈತಿ ನಿಮಗ. ಒಂದು ಮಾತಿಗೆ ಎರಡು ಸಲ ಉಸಿರು ತಗೋತೀರಿ. ಏಳ್ರಿ, ಹೊಸಪೇಟಿಗೆ ಹೋಗೋಣು. ಈಗಾಗ್ಲೇ ತಡ ಮಾಡಿ ತಪ್ಪು ಮಾಡೀವಿ."

ಇದಾದ ಮೇಲೆ ನಡೆದದ್ದು ನನಗೆ ನೆನಪಿಲ್ಲ. ಹಂಪಮ್ಮ, ತಾಯಕ್ಕ, ನಾಗಭೂಷಣ ಮೂವರೂ ಒಂದೇ ಸಾಕ್ಷಿ ಹೇಳುತ್ತಾರೆ, ಹಾಗಾಗಿ ಬರೆಯುತ್ತಿದ್ದೇನೆ. ಒಪ್ಪಿದ್ದೇನೆಂದು ಯಾರೂ ತಿಳಿಯಬಾರದು.

ನಾನು ಮೊದಲು ನಾಗಭೂಷಣನನ್ನು ನೋಡಿ, "ನಿಂದು ಯಾವ ಲಾರೀಲೇ? ಲೋಡ್ ಇಳಿಸಿ ಬಂದಿಯೇನು?" ಎಂದೆನಂತೆ. ಯಾರೂ ಗಾಬರಿಯಾಗಲಿಲ್ಲ. ಆಮೇಲೆ ಎದುರಿಗೆ ಕಟ್ಟಿದ್ದ ಎಮ್ಮೆಯನ್ನು ತೋರಿಸಿ, ಇದರ ಎಂಜಿನ್ ಆಯಿಲ್ ಬದಲಾಯಿಸಿ ಆರು ತಿಂಗಳಾಗಿದೆ ಎಂದು ಬೈದೆನಂತೆ. ಆಗಲೂ ಯಾರೂ ಗಾಬರಿಯಾಗಲಿಲ್ಲ. ("ಮಾವ ದಿನಾ ಹಂಗ ಅಲ್ಲ, ಏನು ವಿಶೇಷ ಅನ್ಕೊಂಡ್ನಿ" ಎಂದು ನಾಗಭೂಷಣ ಡಾಕ್ಟರ ಮುಂದೆ ಹೇಳಿದ. ಮೊದಲು ಅವನನ್ನು ಒಳ್ಳೆಯ ಹುಡುಗ ಎಂದಿದ್ದೆ, ಹಿಂದಕ್ಕೆ ತೆಗೆದುಕೊಂಡಿದ್ದೇನೆ.)

ಆಮೇಲೆ ನಾನು ಹಂಪಮ್ಮನ ಕಡೆ ತಿರುಗಿ, ಬಹಳ ಸಮಾಧಾನದಿಂದ, ಸ್ಪಷ್ಟವಾಗಿ, ಇಬ್ಬರು ಸಾಕ್ಷಿಗಳ ಎದುರಿಗೆ ಹೇಳಿದೆನಂತೆ:

"ಹಂಪಮ್ಮ, ನೀ ಹೇಳಿದ್ದೇ ಸರಿ. ತಪ್ಪು ನಂದು."

ಅಲಸಂದೆಯ ಮೊರ ಅವಳ ತೊಡೆಯಿಂದ ಜಾರಿ ಬಿತ್ತು. ಕಾಳೆಲ್ಲ ಅಂಗಳಕ್ಕೆ ಉರುಳಿದವು. ತಾಯಕ್ಕ ಎದೆ ಬಡಿದುಕೊಂಡು, "ಅಯ್ಯೋ ನನ್ನ ತಮ್ಮಾ! ನಾಗಭೂಷಣ, ಜೀಪ್ ತಗೀಯೋ! ಜಲ್ದಿ ತಗೀ! ಮಾವ ಕೈ ಬಿಡಾಕತ್ಯಾನ!" ಎಂದು ಕೂಗಿದಳು. ನಲವತ್ತೊಂದು ವರ್ಷದಲ್ಲಿ ಆ ಮಾತನ್ನು ನನ್ನ ಬಾಯಿಂದ ಕೇಳದ ಹಂಪಮ್ಮನಿಗೆ ಅಲ್ಲಿಯ ತನಕ ಇದ್ದದ್ದು ಬರೀ ಅನುಮಾನ. ಆಗ ಖಾತ್ರಿಯಾಯಿತು. ಗಾಳಿ ಮೆದುಳಿಗೆ ಹೋಗುತ್ತಿಲ್ಲ.

ಜೀಪು ಹೊರಟಿತು. ಹೊಸಪೇಟೆ ಹತ್ತಿರ ಬರುವಾಗ ಅದಿರಿನ ಲಾರಿಗಳ ಸಾಲು, ಮೈಲುದ್ದ, ಒಂದೂ ಅಲುಗುತ್ತಿಲ್ಲ. ಹಂಪಮ್ಮ ಇಳಿದು ನಡೆದು ಮುಂದಿನ ಲಾರಿಯ ಬಾಗಿಲು ಬಡಿದಳಂತೆ.

"ದಾರಿ ಬಿಡಪ್ಪ. ಜೀಪಿನ್ಯಾಗ ಜಡೆಪ್ಪ ಮೇಸ್ತ್ರಿ ಅದಾರ, ಉಸಿರು ಹತ್ತೈತಿ."

"ಮೇಸ್ತ್ರಿನಾ? ಏನಕ್ಕ, ಭಾಳ ಸೀರಿಯಸ್ಸಾ?"

"ನನಗ 'ನೀ ಹೇಳಿದ್ದೇ ಸರಿ' ಅಂದ್ರಪ್ಪ."

ಡ್ರೈವರ್ ತಲೆಯ ಟವೆಲ್ ತೆಗೆದನಂತೆ. ನನ್ನ ಶೆಡ್ಡಿಗೆ ಬಂದು ನನ್ನ ಸಂಸಾರದ ವಾಗ್ವಾದ ಕೇಳದ ಡ್ರೈವರ್ ಆ ರಸ್ತೆಯಲ್ಲಿ ಯಾರಿದ್ದಾರೆ? ಒಬ್ಬ ಇನ್ನೊಬ್ಬನಿಗೆ ಕೂಗಿದ, ಅವನು ಮತ್ತೊಬ್ಬನಿಗೆ. ಸಾಲಿಗೆ ಸಾಲು ಮಣ್ಣಿಗಿಳಿದು ನಡುವೆ ದಾರಿ ಮಾಡಿಕೊಟ್ಟಿತು. ಮಂತ್ರಿಗಳ ಕಾರಿಗೂ ಸಿಗದ ಮರ್ಯಾದೆ. ನನಗೆ ನೆನಪಿಲ್ಲದಿರುವುದು ಎಂಥ ನಷ್ಟ!

ಆಸ್ಪತ್ರೆಯಲ್ಲಿದ್ದದ್ದು ಡಾಕ್ಟರ್ ಸ್ಫೂರ್ತಿ ಎಂಬ ಹುಡುಗಿ. ನನ್ನ ಸ್ಕ್ರೂಡ್ರೈವರಿಗಿಂತ ವಯಸ್ಸಿನಲ್ಲಿ ಚಿಕ್ಕವಳು. ಹಂಪಮ್ಮ ಎಲ್ಲವನ್ನೂ ಒಪ್ಪಿಸಿದಳು: ಹತ್ತು ದಿನದ ಕೆಮ್ಮು, ತುಕ್ಕಿನ ಕಫ, ಬಲಪಕ್ಕೆ ನೋವು, ಊಟವಿಲ್ಲ, ಉಸಿರು ಮೂವತ್ತನಾಲ್ಕು, ಜ್ವರವಿಲ್ಲ.

"ಮಾತಿನಲ್ಲಿ ಗೊಂದಲ ಇದೆಯಾ?" ಎಂದು ಕೇಳಿದರಂತೆ ಡಾಕ್ಟರು.

"ಐತ್ರಿ. ಇವತ್ತು ಮುಂಜಾನೆ ಒಂಬತ್ತೂ ಇಪ್ಪತ್ತಕ್ಕ ಶುರುವಾತು."

"ಅಷ್ಟು ಕರೆಕ್ಟಾಗಿ ಹೆಂಗೆ ಹೇಳ್ತೀರಿ?"

ಹಂಪಮ್ಮ ಹೇಳಿದಳು. ಡಾಕ್ಟರು ಅದನ್ನು ಹಾಗೇ ಚೀಟಿಯಲ್ಲಿ ಬರೆದುಕೊಂಡರು. ಆ ಚೀಟಿ ಈಗ ನಮ್ಮ ಮನೆಯಲ್ಲಿದೆ. ಹಂಪಮ್ಮ ಅದಕ್ಕೆ ಪ್ಲಾಸ್ಟಿಕ್ ಕವರು ಹಾಕಿಸಿದ್ದಾಳೆ.

ಎಕ್ಸ್‌ರೇ ತೆಗೆದರು. ಬಲಪುಪ್ಪುಸದ ಕೆಳಗೆ ಹತ್ತಿ ತುರುಕಿದಂತೆ ಬಿಳಿಯ ಮೋಡ. ನ್ಯುಮೋನಿಯಾ. ಮೂಗಿಗೆ ಆಕ್ಸಿಜನ್ ನಳಿಕೆ, ಕೈಗೆ ಸೂಜಿ, ಆರು ಗಂಟೆಗೊಮ್ಮೆ ಆಂಟಿಬಯಾಟಿಕ್. ಎರಡು ದಿನ ನಾನು ಎತ್ತ ಹೋಗುತ್ತೇನೋ ಯಾರಿಗೂ ಗೊತ್ತಿರಲಿಲ್ಲ. ತಾಯಕ್ಕ ಕಂಪ್ಲಿಯಲ್ಲಿ ಫೋನಿನ ಪಕ್ಕದಲ್ಲೇ ಕೂತಿದ್ದಳು. ಹಂಪಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಎಣಿಸುತ್ತಿದ್ದಳು. ಮೂವತ್ತನಾಲ್ಕು. ಮೂವತ್ತೆರಡು. ಇಪ್ಪತ್ತೆಂಟು. ನರ್ಸು ಬರೆದಿಡುವ ಮೊದಲೇ ಇವಳು ಹೇಳುತ್ತಿದ್ದಳಂತೆ.

ಮೂರನೇ ದಿನ ಕಣ್ಣು ಬಿಟ್ಟೆ. ಮೇಲೆ ಫ್ಯಾನ್ ತಿರುಗುತ್ತಿತ್ತು.

"ಈ ಫ್ಯಾನಿನ ಬೇರಿಂಗ್ ಹೋಗೇತಿ" ಎಂದೆ. "ಯಾರು ನನ್ನ ಇಲ್ಲಿ ತಂದು ಹಾಕಿದೋರು? ಎಂಟು ದಿನ ಅಂದಿದ್ದೆ. ನಿಂದು ಯಾವಾಗ್ಲೂ ಅವಸರ, ಹಂಪಿ. ಎಲ್ಲಾ ತಪ್ಪು."

ಹಂಪಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಸಿಸ್ಟರ್, ಬರ್ರಿ! ಹುಷಾರಾದ್ರು! ನನಗ 'ಎಲ್ಲಾ ತಪ್ಪು' ಅಂದ್ರು!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು.

ಡಾಕ್ಟರು ಬಂದು ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ವಯಸ್ಸಾದವರಿಗೆ ಎದೆಯ ಸೋಂಕು ಬಂದರೂ ಎಷ್ಟೋ ಸಲ ಜ್ವರ ಬರುವುದಿಲ್ಲ, ಬರೀ ಉಸಿರು ಹೆಚ್ಚುತ್ತದೆ, ಊಟ ಸೇರುವುದಿಲ್ಲ, ಬುದ್ಧಿ ಮಂಕಾಗುತ್ತದೆ ಎಂದರು. "ಅಜ್ಜಾರೆ, ನಿಮ್ಮ ಕಡೆಯಿಂದ ಬರೋ ಪೇಶಂಟೆಲ್ಲ ಕೆಂಪು ಕಫ ಅಂದ್ರೆ ಧೂಳು ಅಂತಾರೆ. ಧೂಳೂ ಇರಬಹುದು. ಅದನ್ನು ನಾವು ನೋಡಿ ಹೇಳ್ಬೇಕಲ್ವಾ?"

"ನಾನೂ ಕೇಳಿ ಹೇಳ್ತೀನ್ರೀ ತಾಯಿ. ನಮ್ಮದು ಕೇಳೋ ಮನೆತನ" ಎಂದೆ. ಅಜ್ಜನ ಎತ್ತು, ಅಪ್ಪನ ಬಾಯ್ಲರು, ನನ್ನ ಸ್ಕ್ರೂಡ್ರೈವರ್, ಮೂರನ್ನೂ ವಿವರಿಸಿದೆ. ಆ ಹುಡುಗಿ ನಗಲಿಲ್ಲ. ನಳಿಕೆಯ ಎರಡು ತುದಿಗಳನ್ನು ತೆಗೆದು ನನ್ನ ಕಿವಿಗಿಟ್ಟಳು. ಬಗ್ಗುವ ನಳಿಕೆ! ನನ್ನ ಎದೆ ನನಗೇ ಕೇಳಿಸಿತು. ಎಡಗಡೆ ಗಾಳಿ ಸುಯ್ಯೆಂದು ಹೋಗಿ ಬರುತ್ತಿತ್ತು. ಬಲಗಡೆ ಕೆಳಗೆ ಪರಪರ, ಪರಪರ. ಹುಣಸೆಹಣ್ಣು ಕಟ್ಟಿದ ಪ್ಲಾಸ್ಟಿಕ್ಕು ಬಿಚ್ಚಿದಂತೆ.

ಅಂದರೆ ಓಬಳೇಶನ ಕಿವಿ ಸರಿಯಾಗಿಯೇ ಕೇಳಿತ್ತು. ಅರ್ಥ ಹೇಳಿದವನು ನಾನು. ಎರ್ರಿಯಪ್ಪನ ಮೊಮ್ಮಗ. ವಾದ ಮಾಡದೆ ನಳಿಕೆಯನ್ನು ಡಾಕ್ಟರ ಕೈಗೆ ಹಿಂದಕ್ಕೆ ಕೊಟ್ಟೆ. ಹಂಪಮ್ಮ ತಕ್ಷಣ ಗಡಿಯಾರ ನೋಡಿದಳು.

ಮನೆಗೆ ಬಂದೆ. ಗುಳಿಗೆ ಇನ್ನೂ ಆರು ದಿನ ಇದ್ದವು. ಎರಡನೇ ದಿನಕ್ಕೆ, ಗಾಡಿ ಸ್ಟಾರ್ಟ್ ಆದ ಮೇಲೂ ಹ್ಯಾಂಡಲ್ ಯಾಕೆ ತಿರುವಬೇಕು ಎಂದು ಕೇಳಿ ನೋಡಿದೆ. "ಅರ್ಧಕ್ಕ ಬಿಟ್ರ ಒಳಗಿನ ಹುಳ ಮತ್ತ ಎದ್ದು ಕುಂದ್ರತಾವಂತ, ಆಗ ಈ ಗುಳಿಗೀಗೂ ಬಗ್ಗಂಗಿಲ್ಲಂತ. ಬಾಯಿ ತಗೀರಿ" ಎಂದಳು. ತೆಗೆದೆ. ಪೂರ್ತಿ ಆರು ದಿನ ತೆಗೆದೆ. ರೋಗ ಹೋಯಿತು.

ಆದರೆ ರೋಗದ ಲಕ್ಷಣ ನನ್ನ ಸಂಸಾರದಲ್ಲಿ ಉಳಿದುಬಿಟ್ಟಿತು. ನಾನು ಏನನ್ನಾದರೂ ಒಪ್ಪಿದರೆ ಹಂಪಮ್ಮ ಉಸಿರು ಎಣಿಸುತ್ತಾಳೆ. ಮೊನ್ನೆ "ಸಾರಿಗೆ ಉಪ್ಪು ಕಮ್ಮಿ ಆಗೇತೇನ್ರಿ?" ಎಂದಳು. ಕಮ್ಮಿಯಾಗಿತ್ತು. "ಹೌದು" ಎಂದೆ. ತಟ್ಟೆಯ ಮುಂದೆ ಒಂದು ನಿಮಿಷ ಅಲುಗದಂತೆ ಕೂರಿಸಿ ಎಣಿಸಿದಳು. ಹದಿನೆಂಟು. "ಊಟ ಮಾಡ್ರಿ" ಎಂದು ಬಿಟ್ಟಳು. ಅಷ್ಟರಲ್ಲಿ ಮುದ್ದೆ ಆರಿ ಕಲ್ಲಾಗಿತ್ತು. ಡ್ರೈವರುಗಳು ಹಾರ್ನ್ ಹೊಡೆದು, "ಮೇಸ್ತ್ರಿ, ಜ್ವಾಕಿ! ಅಕ್ಕನ ಮಾತಿಗೆ ಹ್ಞೂಂ ಅಂದೀರಿ, ಅಡ್ಮಿಟ್ ಮಾಡ್ತಾರ!" ಎಂದು ಹೋಗುತ್ತಾರೆ.

ಅದಕ್ಕಿಂತ ದೊಡ್ಡ ಅವಮಾನ ಬೇರೆ. ಕೆಮ್ಮುವವರು ಈಗ ನನ್ನ ಶೆಡ್ಡನ್ನು ದಾಟಿ ಮನೆಯ ಕಟ್ಟೆಗೆ ಹೋಗಿ, ಅಂಗಿ ಎತ್ತಿಕೊಂಡು ಸಾಲಾಗಿ ಕೂರುತ್ತಾರೆ. ಹಂಪಮ್ಮ ಎಣಿಸುತ್ತಾಳೆ, ಕಫದ ಬಣ್ಣ ಕೇಳುತ್ತಾಳೆ, ಸಂಡೂರಿಗೋ ಹೊಸಪೇಟೆಗೋ ಕಳಿಸುತ್ತಾಳೆ. ಸಾಲಿನಲ್ಲಿ ಮೊದಲು ಕೂತವನು ಓಬಳೇಶ. ಕಟ್ಟೆಯ ಮೇಲಿನ ಕಿಟಕಿ ಗಾಳಿಗೆ ಬಡಿಯದಂತೆ ಒಂದು ಸಲಾಕೆ ಸಿಕ್ಕಿಸಿದ್ದಾಳೆ. ಅದು ನನ್ನ ಸ್ಕ್ರೂಡ್ರೈವರ್.

ನಿನ್ನೆ ಹತ್ತು ಗಂಟೆಗೆ ಓಬಳೇಶನ ಲಾರಿಯ ಗೇರ್‌ಬಾಕ್ಸ್ ಬಿಚ್ಚಿ ನೆಲಕ್ಕಿಳಿಸಿದ್ದೆವು. ಅದನ್ನು ಮೇಜಿನ ಮೇಲಿಡಬೇಕು. ಓಬಳೇಶ ಚಹಾ ತರಲು ಹೋಗಿದ್ದ. ನಾನು ಪಂಚೆ ಎತ್ತಿ ಕಟ್ಟಿ ಬಗ್ಗಿದೆ.

"ಒಬ್ಬರೇ ಎತ್ತಬ್ಯಾಡ್ರಿ" ಎಂದಳು ಹಂಪಮ್ಮ, ಬಾಗಿಲಲ್ಲಿ ನಿಂತು. "ಎರಡು ತಿಂಗಳು ಭಾರ ಬ್ಯಾಡ ಅಂದಾರ ಡಾಕ್ಟರು. ಓಬಳೇಶ ಬಂದ, ಅವನೂ ಕೈ ಹಚ್ತಾನ, ನಾನೂ ಹಚ್ತೀನಿ. ನಿಮ್ಮ ಕೈಲೆ ಆಗಂಗಿಲ್ಲ."

ಅಕ್ಷರ ಅಕ್ಷರವೂ ನಿಜ. ಮೊಣಕಾಲು ನಿಜ ಎಂದಿತು, ಸೊಂಟ ನಿಜ ಎಂದಿತು, ಬಲಪಕ್ಕೆಯಂತೂ ಕೈಯೆತ್ತಿ ಅನುಮೋದಿಸಿತು. ನಾನು ನೆಟ್ಟಗೆ ನಿಂತು, "ಹಂಪಮ್ಮ, ನೀ ಹೇಳಿದ್ದ..." ಎಂದೆ.

ಅವಳ ಮುಖ ಬಿಳಿಚಿತು. ಎಡಗೈ ಮೇಲೆದ್ದಿತು, ಬಳೆಗಳು ಹಿಂದೆ ಸರಿದವು, ಹಪ್ಪಳದಗಲದ ಗಡಿಯಾರ ನನ್ನ ಹೊಟ್ಟೆಯ ನೇರಕ್ಕೆ ಬಂತು. ಅವಳ ಹಿಂದೆ ಓಬಳೇಶ ಚಹಾದ ಕೆಟಲ್ ಅಲ್ಲೇ ನೆಲಕ್ಕಿಟ್ಟು, "ಅಕ್ಕಾ, ಜೀಪ್ ತರಲೇನು?" ಎಂದ.

ನಾನು ಬಗ್ಗಿ ಗೇರ್‌ಬಾಕ್ಸನ್ನು ಎರಡೂ ಕೈಯಿಂದ ಅಪ್ಪಿಕೊಂಡೆ. ಅದು ಅಲುಗಲಿಲ್ಲ. ನಾನು ಅಲುಗಿದೆ. ಆದರೂ ಅಪ್ಪಿಕೊಂಡೇ, ಬೀದಿಯ ಕೊನೆಯ ಮನೆಗೂ ಕೇಳುವಂತೆ, ಒಂದೇ ಉಸಿರಿನಲ್ಲಿ ಹೇಳಿದೆ:

"ಬ್ಯಾಡ! ಯಾರೂ ಕೈ ಹಚ್ಚಬ್ಯಾಡ್ರಿ! ನೀ ಹೇಳಿದ್ದು ಪೂರಾ ತಪ್ಪು, ಹಂಪಮ್ಮ. ನಾನು ಎರ್ರಿಯಪ್ಪನ ಮೊಮ್ಮಗ, ವಿರುಪಾಕ್ಷಪ್ಪನ ಮಗ, ಇದನ್ನ ಒಬ್ಬನೇ ಎತ್ತತೀನಿ. ನೀ ಮೊದ್ಲು ಆ ಗಡಿಯಾರ ಇಳಿಸು!"